ಅತ್ಯುತ್ತಮ ಜಲಾಂತರ್ಗಾಮಿ ಯಾವುದು? ಪಂಪು ಬಿಚ್ಚುವವನ ಲೆಕ್ಕ

ಕೊಳವೆಬಾವಿಯಿಂದ ಎತ್ತಿ ತಂದ ಮೋಟಾರನ್ನು ಬಿಚ್ಚಿದಾಗ ಮೊದಲು ಮೂಗಿಗೆ ಬರುವುದು ಸುಟ್ಟ ವೈಂಡಿಂಗಿನ ವಾಸನೆ. ಕಾರಣ ಹುಡುಕುತ್ತ ಹೋದರೆ ಬಹಳ ಸಲ ಸಿಗುವುದು ಕೇಬಲ್ ಜಾಯಿಂಟಿನಲ್ಲಿ ಸೂಜಿಮೊನೆಯಷ್ಟು ಒಂದು ಬಾಯಿ, ಇಲ್ಲವೇ ಶಾಫ್ಟಿನ ಬಳಿ ಸವೆದುಹೋದ ಒಂದು ರಬ್ಬರ್ ಸೀಲು. ಹದಿನೈದು ಅಶ್ವಶಕ್ತಿಯ ಮೋಟಾರು ಕೆಟ್ಟು ಕೂರಲು ಅಷ್ಟು ಸಾಕು. ಗಂಗಾವತಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ನಾನು ಮಾಡುತ್ತಿರುವುದು ಇದೇ ಕೆಲಸ. ನೀರು ಎಷ್ಟು ತಾಳ್ಮೆಯಿಂದ ದಾರಿ ಹುಡುಕಿಕೊಳ್ಳುತ್ತದೆ ಎಂಬುದನ್ನು ದಿನವೂ ನೋಡಿ ನೋಡಿ ನನಗೆ ಜಲಾಂತರ್ಗಾಮಿಗಳ ಹುಚ್ಚು ಹಿಡಿಯಿತು. ನಮ್ಮ ಮೋಟಾರು ಕೆಟ್ಟರೆ ಎತ್ತಿ ತರಬಹುದು. ಅಲ್ಲಿ ಒಳಗೆ ಮನುಷ್ಯರಿರುತ್ತಾರೆ.

ಸಂಜೆ ಅಂಗಡಿಯ ಮುಂದಿನ ಬೆಂಚಿನಲ್ಲಿ ಮೂವರು ಕೂರುತ್ತೇವೆ. ಅಕ್ಕನ ಮಗ ನೌಕಾಪಡೆಯ ಅಗ್ನಿವೀರ ಪರೀಕ್ಷೆಗೆ ಓದುತ್ತಿದ್ದಾನೆ. ಇನ್ನೊಬ್ಬರು ಕಾರಟಗಿಯ ಅಕ್ಕಿ ಗಿರಣಿಯಲ್ಲಿ ಬಾಯ್ಲರ್ ನೋಡಿಕೊಂಡು ನಿವೃತ್ತರಾದ ಹಿರಿಯರು. ಅವರನ್ನು ನಾವೆಲ್ಲ ಸಾಹೇಬರೆಂದೇ ಕರೆಯುತ್ತೇವೆ.

"ಮಾಮಾ, ಸೋವಿಯತ್ ಒಕ್ಕೂಟದ ಟೈಫೂನ್‌ಗಿಂತ ದೊಡ್ಡದು ಇನ್ನೊಂದು ಹುಟ್ಟಿಲ್ಲ. ಅದೇ ಶ್ರೇಷ್ಠ," ಎಂದು ಒಂದು ದಿನ ಹುಡುಗ ಶುರುಮಾಡಿದ.

"ದೊಡ್ಡದಾದರೆ ಶ್ರೇಷ್ಠವೇನಪ್ಪ? ಅಣುಶಕ್ತಿಯಿಂದ ಓಡಿದ ಮೊದಲನೆಯದು ನಾಟಿಲಸ್. ಅದು ಬಂದ ಮೇಲೆ ತಾನೇ ಉಳಿದವೆಲ್ಲ ಬಂದದ್ದು," ಎಂದರು ಸಾಹೇಬರು.

ಮೂರು ವಾರ ಎಳೆದಾಡಿದ ಆ ವಾದವನ್ನು ಒಂದು ದಾರಿಗೆ ತರಲೆಂದು ನಾನು ಬರೆದಿಟ್ಟುಕೊಂಡದ್ದೇ ಈ ಹೋಲಿಕೆ. ಹಡಗುಗಳ ವಾದಕ್ಕೆ ಬೀಳುವ ಯಾರಿಗಾದರೂ ಉಪಯೋಗಕ್ಕೆ ಬರಬಹುದು.

ಯಾವ ಅಳತೆಗೋಲು ಹಿಡಿಯಬೇಕು

ಪಂಪು ಕೊಳ್ಳಲು ಬಂದ ರೈತರನ್ನು ನಾನು ಮೊದಲು ಕೇಳುವುದು ಬಾವಿಯ ಆಳ, ನೀರಿನ ಮಟ್ಟ, ಹೊಲ ಎಷ್ಟು ಎಕರೆ ಎಂದು. ಅದು ಗೊತ್ತಿಲ್ಲದೆ ಯಾವ ಪಂಪು ಒಳ್ಳೆಯದು ಎಂದರೆ ಉತ್ತರವಿಲ್ಲ. ಜಲಾಂತರ್ಗಾಮಿಯದೂ ಹಾಗೆಯೇ. ಯುದ್ಧ ಗೆಲ್ಲಿಸಿದ್ದು ಯಾವುದು ಎಂಬುದು ಒಂದು ಪ್ರಶ್ನೆ. ಆಮೇಲೆ ಬಂದವರೆಲ್ಲ ಯಾವುದನ್ನು ನೋಡಿ ಕಟ್ಟಿದರು ಎಂಬುದು ಬೇರೆ ಪ್ರಶ್ನೆ. ನಮ್ಮಂಥ ದೇಶದ ಕರಾವಳಿಗೆ ಯಾವುದು ಹೊಂದುತ್ತದೆ ಎಂಬುದು ಮೂರನೆಯದು. ಟೈಫೂನ್ ಎಂದವನೂ ನಾಟಿಲಸ್ ಎಂದವರೂ ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿದ್ದರು. ಹಾಗಾಗಿಯೇ ಮೂರು ವಾರ ಹಿಡಿಯಿತು.

ನನ್ನ ಅಳತೆಗೋಲು ಇಷ್ಟು: ಎಷ್ಟು ಹೊತ್ತು ಮೇಲೆ ಬಾರದೆ ಇರಬಲ್ಲದು, ಎಷ್ಟು ಸದ್ದು ಮಾಡುತ್ತದೆ, ಒಳಗೆ ಹೋದವರು ತಿರುಗಿ ಮನೆಗೆ ಬರುತ್ತಾರೆಯೇ. ವೇಗ, ಗಾತ್ರ, ಕ್ಷಿಪಣಿಗಳ ಎಣಿಕೆ ಇವೆಲ್ಲ ಅದರ ನಂತರ. ಅಡಗಿ ಕೂರುವುದಕ್ಕೆಂದೇ ಹುಟ್ಟಿದ ಯಂತ್ರವನ್ನು ಅಡಗುವ ಶಕ್ತಿಯಿಂದ ಅಳೆಯದೆ ಇನ್ನೇನಿಂದ ಅಳೆಯಬೇಕು?

ಉಸಿರಿನ ಲೆಕ್ಕ

ಡೀಸೆಲ್ ಎಂಜಿನ್ನಿಗೆ ಗಾಳಿ ಬೇಕು. ನೀರೊಳಗೆ ಗಾಳಿ ಇಲ್ಲ. ಐರ್ಲೆಂಡಿನಿಂದ ಅಮೆರಿಕಕ್ಕೆ ಹೋದ ಶಾಲಾ ಮೇಷ್ಟ್ರು ಜಾನ್ ಹಾಲೆಂಡ್ ಕಟ್ಟಿದ, 1900ರಲ್ಲಿ ಅಮೆರಿಕದ ನೌಕಾಪಡೆ ಕೊಂಡುಕೊಂಡ ದೋಣಿಯಿಂದ ಹಿಡಿದು ಎರಡನೇ ಮಹಾಯುದ್ಧದವರೆಗೆ ಎಲ್ಲರೂ ಹಿಡಿದ ದಾರಿ ಒಂದೇ: ನೀರಿನ ಮೇಲೆ ಎಂಜಿನ್, ಕೆಳಗೆ ಬ್ಯಾಟರಿ. ಬ್ಯಾಟರಿ ಮುಗಿದರೆ ಮೇಲೆ ಬರಲೇಬೇಕು. ಮೇಲೆ ಬಂದರೆ ಕಣ್ಣಿಗೆ ಬಿತ್ತು.

ಜರ್ಮನಿಯ ಏಳನೇ ಮಾದರಿಯ ಯು-ಬೋಟ್ ಇದಕ್ಕೆ ಒಳ್ಳೆಯ ಉದಾಹರಣೆ. ಸುಮಾರು 700 ಕಟ್ಟಿದರು. ಜಲಾಂತರ್ಗಾಮಿಗಳ ಚರಿತ್ರೆಯಲ್ಲಿ ಇಷ್ಟು ಸಂಖ್ಯೆಯಲ್ಲಿ ಇನ್ನೊಂದು ಮಾದರಿ ತಯಾರಾಗಲಿಲ್ಲ. ನೀರಿನ ಮೇಲೆ ಗಂಟೆಗೆ ಸುಮಾರು 33 ಕಿಲೋಮೀಟರ್ ಓಡುತ್ತಿದ್ದ ಅದು ಮುಳುಗಿದಾಗ 14ಕ್ಕೆ ಇಳಿಯುತ್ತಿತ್ತು. ನಡಿಗೆಗಿಂತ ತುಸು ಬಿರುಸಾಗಿ ಹೋದರೂ 150 ಕಿಲೋಮೀಟರಿಗೆಲ್ಲ ಬ್ಯಾಟರಿ ಬತ್ತುತ್ತಿತ್ತು. ಅದನ್ನು ಮುಳುಗಬಲ್ಲ ದೋಣಿ ಎನ್ನುವುದು ಸರಿ. ನೀರೊಳಗೆ ಬದುಕುವ ಶಕ್ತಿ ಅದಕ್ಕಿರಲಿಲ್ಲ. ಆ ಯುದ್ಧದಲ್ಲಿ ಜರ್ಮನಿಯ ಜಲಾಂತರ್ಗಾಮಿಗಳಲ್ಲಿ ಹೊರಟ ಸುಮಾರು 40,000 ಮಂದಿಯಲ್ಲಿ 28,000ಕ್ಕೂ ಹೆಚ್ಚು ಜನ ಮರಳಲಿಲ್ಲ. ಅಟ್ಲಾಂಟಿಕ್‌ನಲ್ಲಿ ಅವು ಹುಟ್ಟಿಸಿದ ಭಯ ನಿಜ, ಮುಳುಗಿಸಿದ ಹಡಗುಗಳ ಲೆಕ್ಕವೂ ನಿಜ. ಆದರೂ ಹತ್ತು ಮಂದಿ ಹೋಗಿ ಮೂವರಷ್ಟೇ ಬರುವ ಯಂತ್ರವನ್ನು ಶ್ರೇಷ್ಠ ಎನ್ನಲು ನನ್ನ ಬಾಯಿ ಬರುವುದಿಲ್ಲ.

ಅದೇ ಯುದ್ಧದ ಪೆಸಿಫಿಕ್ ಬದಿಯಲ್ಲಿ ಅಮೆರಿಕದ ಗೇಟೊ ಮಾದರಿ ಇತ್ತು. 77 ಗೇಟೊಗಳ ಹಿಂದೆಯೇ, ಇನ್ನೂ ಗಟ್ಟಿ ಒಡಲಿನ 120 ಬಲಾವೊಗಳು ಬಂದವು. ನೀರೊಳಗೆ ತಾನೇ ಓಡಿ ಹಡಗಿಗೆ ಬಡಿದು ಸಿಡಿಯುವ ಟಾರ್ಪಿಡೊ ಬಿಡಲು ಮುಂದೆ ಆರು, ಹಿಂದೆ ನಾಲ್ಕು ಕೊಳವೆ, ಒಟ್ಟು 24 ಟಾರ್ಪಿಡೊ, ಒಮ್ಮೆ ತುಂಬಿಸಿದ ಇಂಧನಕ್ಕೆ ಸುಮಾರು 20,000 ಕಿಲೋಮೀಟರ್ ಪಯಣ. ನನಗೆ ಹೆಚ್ಚು ಹಿಡಿಸಿದ್ದು ಬೇರೆ: ಅದರಲ್ಲಿ ಹವಾನಿಯಂತ್ರಣ ಇತ್ತು. ನಾವಿಕರಿಗೆ ತಂಪಾಗಲಿ ಎಂಬುದಷ್ಟೇ ಉದ್ದೇಶವಲ್ಲ. ಮುಚ್ಚಿದ ಉಕ್ಕಿನ ಕೊಳವೆಯಲ್ಲಿ ಎಪ್ಪತ್ತೆಂಬತ್ತು ಜನರ ಉಸಿರು, ಬೆವರು ಸೇರಿ ಗೋಡೆಯಿಂದ ತೊಟ್ಟಿಕ್ಕುವ ನೀರು ವಿದ್ಯುತ್ ಪ್ಯಾನೆಲ್ಲುಗಳನ್ನು ಸುಡುತ್ತದೆ. ಮಳೆಗಾಲದಲ್ಲಿ ಹೊಲದ ಸ್ಟಾರ್ಟರ್ ಪೆಟ್ಟಿಗೆ ತೆರೆದು ಕಾಂಟ್ಯಾಕ್ಟರ್ ಒರೆಸಿದವರಿಗೆ ಇದು ಹೇಳಬೇಕಾಗಿಲ್ಲ. ಗಾಳಿಯ ತೇವ ತೆಗೆದರೆ ಯಂತ್ರ ಉಳಿಯುತ್ತದೆ, ಯಂತ್ರ ಉಳಿದರೆ ಮನುಷ್ಯ ಉಳಿಯುತ್ತಾನೆ.

ಅಮೆರಿಕದ ನೌಕಾಪಡೆಯಲ್ಲಿ ಜಲಾಂತರ್ಗಾಮಿಗಳವರು ಶೇಕಡಾ ಎರಡರಷ್ಟೇ ಇದ್ದರು. ಜಪಾನ್ ಕಳೆದುಕೊಂಡ ವ್ಯಾಪಾರಿ ಹಡಗುಗಳ ಭಾರದಲ್ಲಿ ಅರ್ಧಕ್ಕಿಂತ ಹೆಚ್ಚು ಅವರ ಪಾಲು. 1944ರ ನವೆಂಬರ್ 29ರಂದು ಆರ್ಚರ್‌ಫಿಶ್ ಎಂಬ ಬಲಾವೊ ದೋಣಿ ಶಿನಾನೊ ಎಂಬ ದೈತ್ಯ ವಿಮಾನವಾಹಕ ನೌಕೆಯನ್ನೇ ಮುಳುಗಿಸಿತು. ಬೆಲೆ ತೆತ್ತಿಲ್ಲವೆಂದಲ್ಲ: 52 ದೋಣಿಗಳು, 3,500ಕ್ಕೂ ಹೆಚ್ಚು ಜನ, ಹೆಚ್ಚುಕಡಿಮೆ ಐವರಲ್ಲಿ ಒಬ್ಬರು. ಯುದ್ಧದ ಮೊದಲ ವರ್ಷಗಳಲ್ಲಿ ಅವರ ಟಾರ್ಪಿಡೊ ಬೇಕಾದದ್ದಕ್ಕಿಂತ ಆಳದಲ್ಲಿ ಓಡುತ್ತಿತ್ತು, ಗುರಿಗೆ ಬಡಿದರೂ ಸಿಡಿಯುತ್ತಿರಲಿಲ್ಲ. ಅದು ಪೂರ್ತಿ ಸರಿಯಾಗುವಾಗ 1943 ಬಂದಿತ್ತು. ದೋಣಿ ಚೆನ್ನಾಗಿದ್ದರೂ ಅದರೊಳಗಿಡುವ ಸಾಮಾನು ಕೈಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಡ. ಆದರೂ ಯುದ್ಧ ಗೆಲ್ಲಿಸಿದ್ದು ಯಾವುದು ಎಂದು ಕೇಳಿದರೆ ನಾನು ತಡವರಿಸದೆ ಗೇಟೊ, ಬಲಾವೊ ಎನ್ನುತ್ತೇನೆ.

ಈ ವಂಶದ ಒಂದು ದೋಣಿ ನಮ್ಮ ಕಥೆಯಲ್ಲೂ ಇದೆ. ಬಲಾವೊ ನಂತರದ ಟೆಂಚ್ ಮಾದರಿಯ ಡಯಾಬ್ಲೊ 1964ರಲ್ಲಿ ಪಾಕಿಸ್ತಾನದ ಕೈಗೆ ಹೋಗಿ ಘಾಜಿ ಆಯಿತು. ಬಂಗಾಳ ಕೊಲ್ಲಿಯವರೆಗೆ ಹೋಗಿಬರುವ ಶಕ್ತಿ ಪಾಕಿಸ್ತಾನದ ದೋಣಿಗಳಲ್ಲಿ ಅದಕ್ಕೊಂದಕ್ಕೇ ಇತ್ತು. 1971ರ ಡಿಸೆಂಬರ್ 3 ಮತ್ತು 4ರ ನಡುವಿನ ರಾತ್ರಿ ವಿಶಾಖಪಟ್ಟಣದ ಹೊರಗೆ ಅದು ಮುಳುಗಿತು. ರಜಪೂತ್ ನೌಕೆಯ ಸ್ಫೋಟಕಗಳಿಂದ ಎಂದು ನಮ್ಮವರು, ಅದು ಸಮುದ್ರದಲ್ಲಿ ತಾನೇ ಹಾಸುತ್ತಿದ್ದ ಮೈನು ಎಂಬ ಬಾಂಬು ಸಿಡಿದು ಎಂದು ಅವರು. ಐದು ದಿನಗಳ ನಂತರ ದಿಯು ಬಳಿ ಪಾಕಿಸ್ತಾನದ ಜಲಾಂತರ್ಗಾಮಿ ಹಂಗೋರ್ ನಮ್ಮ ಯುದ್ಧನೌಕೆ ಖುಕ್ರಿಯನ್ನು ಮುಳುಗಿಸಿತು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಸೇರಿ 18 ಅಧಿಕಾರಿಗಳು, 176 ನಾವಿಕರು ಹೋದರು. ಹಂಗೋರ್ ಫ್ರಾನ್ಸಿನ ಡಾಫ್ನೆ ಮಾದರಿಯದು, ಚಿಕ್ಕದು, ಆಗಿನ ಕಾಲಕ್ಕೆ ಸದ್ದು ಕಡಿಮೆಯದು. ಅದೇ ಮಾದರಿಯ ಎರಡು ದೋಣಿಗಳನ್ನು, ಮಿನರ್ವ್ ಮತ್ತು ಯೂರಿಡೀಸ್, ಫ್ರಾನ್ಸ್ 1968 ಮತ್ತು 1970ರಲ್ಲಿ ಶಾಂತಿಕಾಲದಲ್ಲೇ ಒಬ್ಬರೂ ಉಳಿಯದಂತೆ ಕಳೆದುಕೊಂಡಿತ್ತು. ನನ್ನ ಮೂರನೇ ಅಳತೆಯಲ್ಲಿ ಡಾಫ್ನೆ ಅಲ್ಲಿಗೇ ನಿಂತಿತು.

ಎಲ್ಲರೂ ನಕಲು ಮಾಡಿದ ದೋಣಿ

ಯುದ್ಧದ ಕೊನೆಗೆ ಜರ್ಮನರು ಇಪ್ಪತ್ತೊಂದನೇ ಮಾದರಿಯನ್ನು ತಂದರು. ಬ್ಯಾಟರಿಯನ್ನು ಮೂರು ಪಟ್ಟು ಮಾಡಿದರು. ಮೇಲಿನ ತೋಪು, ಕಂಬಿ, ಕಟಕಟೆ ತೆಗೆದು ಒಡಲನ್ನು ನುಣ್ಣಗೆ ಮಾಡಿದರು. ಫಲ ಏನೆಂದರೆ ಅದು ನೀರಿನ ಮೇಲಿಗಿಂತ ನೀರೊಳಗೆ ವೇಗವಾಗಿ ಓಡಿತು: ಮೇಲೆ 29, ಕೆಳಗೆ 32 ಕಿಲೋಮೀಟರ್. ನಿಧಾನವಾಗಿ ಹೋದರೆ ಬ್ಯಾಟರಿಯಲ್ಲೇ 600 ಕಿಲೋಮೀಟರಿಗೂ ಹೆಚ್ಚು. ಟಾರ್ಪಿಡೊ ತುಂಬಿಸುವ ಕೆಲಸ ಹೈಡ್ರಾಲಿಕ್ ಯಂತ್ರದ್ದಾಯಿತು. ಮುಳುಗುವ ದೋಣಿ ಅಂದು ನಿಜವಾದ ಜಲಾಂತರ್ಗಾಮಿಯಾಯಿತು ಎಂದರೆ ತಪ್ಪಿಲ್ಲ.

ಆದರೆ ಕಟ್ಟಿದ ಬಗೆ ಕೆಟ್ಟದ್ದು. ಬಾಂಬಿನ ಭಯಕ್ಕೆ ಒಡಲನ್ನು ಎಂಟು ತುಂಡು ಮಾಡಿ, ಹಡಗು ಕಟ್ಟಿ ಗೊತ್ತಿಲ್ಲದ ಒಳನಾಡಿನ ಉಕ್ಕಿನ ಕಾರ್ಖಾನೆಗಳಿಗೆ ಹಂಚಿದರು. ತುಂಡು ತುಂಡಾಗಿ ಬಂದದ್ದು ಒಂದಕ್ಕೊಂದು ಕೂರಲಿಲ್ಲ. 118 ತಯಾರಾದರೂ ಯುದ್ಧಕ್ಕೆ ಹೊರಟದ್ದು ಎರಡೇ. ಬೇರೆ ಬೇರೆ ಕಡೆ ಕೊರೆಸಿ ತಂದ ಎರಡು ಫ್ಲ್ಯಾಂಜುಗಳ, ಅಂದರೆ ಕೊಳವೆಗಳನ್ನು ಜೋಡಿಸುವ ತುದಿಯ ಬಿಲ್ಲೆಗಳ, ಬೋಲ್ಟ್ ತೂತುಗಳು ಕೂಡದೆ ಹೋದಾಗ ಎಷ್ಟು ಹೊಟ್ಟೆ ಉರಿಯುತ್ತದೆ ಎಂದು ನಮ್ಮ ಕಸುಬಿನವರಿಗೆ ಗೊತ್ತು.

ನಕ್ಷೆ ಮಾತ್ರ ಸಾಯಲಿಲ್ಲ. ಗೆದ್ದವರೆಲ್ಲ ಆ ದೋಣಿಗಳನ್ನು ಹಂಚಿಕೊಂಡು ಬಿಚ್ಚಿ ನೋಡಿದರು. ಅಮೆರಿಕದವರು ತಮ್ಮ ಹಳೆಯ ದೋಣಿಗಳನ್ನು ಅದರಂತೆ ನುಣ್ಣಗೆ ಮಾಡಿಕೊಂಡರು. ಸೋವಿಯತ್ ಒಕ್ಕೂಟ ಅದೇ ಪಾಠದಿಂದ ಜುಲು ಮಾದರಿ ಕಟ್ಟಿ, ಅದನ್ನು ತಿದ್ದಿ ಫಾಕ್ಸ್‌ಟ್ರಾಟ್ ಮಾಡಿತು. ಆ ಫಾಕ್ಸ್‌ಟ್ರಾಟ್‌ಗಳಲ್ಲಿ ಎಂಟು ಭಾರತಕ್ಕೆ ಬಂದವು. ಮೊದಲನೆಯದು ಕಲ್ವರಿ, 1967ರ ಡಿಸೆಂಬರ್ 8ರಂದು ನೌಕಾಪಡೆ ಸೇರಿತು.

ಫಾಕ್ಸ್‌ಟ್ರಾಟ್ ಬಗ್ಗೆ ನನಗೆ ತುಂಬ ಮಮತೆ. ಅದನ್ನು ನಾನು ಮುಟ್ಟಿ ನೋಡಿದ್ದೇನೆ, ಆ ಮಾತು ಕೊನೆಗೆ ಬರುತ್ತದೆ. 1962ರ ಅಕ್ಟೋಬರಿನಲ್ಲಿ, ಕ್ಯೂಬಾದಲ್ಲಿಟ್ಟ ಸೋವಿಯತ್ ಕ್ಷಿಪಣಿಗಳಿಗಾಗಿ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಎದುರುಬದುರಾದ ಬಿಕ್ಕಟ್ಟಿನ ಹೊತ್ತಿಗೆ, ನಾಲ್ಕು ಫಾಕ್ಸ್‌ಟ್ರಾಟ್‌ಗಳು ಅಣುತಲೆಯ ಟಾರ್ಪಿಡೊ ಹೊತ್ತು ಬೆಚ್ಚನೆಯ ಕೆರಿಬಿಯನ್ ಕಡೆ ಹೋದವು. ತಣ್ಣನೆಯ ಸಮುದ್ರಕ್ಕೆಂದು ಕಟ್ಟಿದ ದೋಣಿಗಳವು. ಒಳಗಿನ ಸೆಖೆ 45 ಡಿಗ್ರಿ ದಾಟಿತು. ರಾಯಚೂರಿನ ಮೇ ತಿಂಗಳನ್ನು ಕಿಟಕಿಯೇ ಇಲ್ಲದ ಕೋಣೆಯಲ್ಲಿ, ಡೀಸೆಲ್ ವಾಸನೆಯಲ್ಲಿ, ವಾರಗಟ್ಟಲೆ ಕಳೆದಂತೆ ಎಂದುಕೊಳ್ಳಿ. ಬಿ-59 ಎಂಬ ದೋಣಿಯ ಬ್ಯಾಟರಿ ಬತ್ತುತ್ತಿದ್ದಾಗ ಮೇಲಿನಿಂದ ಅಮೆರಿಕದ ಹಡಗುಗಳು ಎಚ್ಚರಿಕೆಯ ಸ್ಫೋಟಕಗಳನ್ನು ಹಾಕುತ್ತಿದ್ದವು. ಅಕ್ಟೋಬರ್ 27ರ ಆ ದಿನ ಟಾರ್ಪಿಡೊ ಬಿಡುವುದು ಬೇಡ ಎಂದು ತಡೆದವರು ಅದರಲ್ಲಿದ್ದ ಅಧಿಕಾರಿ ವಸಿಲಿ ಅರ್ಖಿಪೊವ್. ಕೊನೆಗೆ ದೋಣಿ ಮೇಲೆ ಬಂತು, ಏಕೆಂದರೆ ಅದಕ್ಕೆ ಉಸಿರು ಬೇಕಿತ್ತು. ಒಂದು ವಿನ್ಯಾಸದ ಮಿತಿ ಮನುಷ್ಯರ ತೀರ್ಮಾನದ ಮೇಲೆ ಎಷ್ಟು ಭಾರ ಹೇರುತ್ತದೆ ಎಂಬುದನ್ನು ನಾನು ಹುಡುಗನಿಗೆ ಹೇಳಿದ್ದು ಈ ಕಥೆಯಿಂದಲೇ.

ಬಾಯ್ಲರ್ ನೀರಿಗಿಳಿದ ದಿನ

ಈಗ ಸಾಹೇಬರ ಪಕ್ಷ. 1955ರ ಜನವರಿ 17ರಂದು ಅಮೆರಿಕದ ನಾಟಿಲಸ್ ಅಣುಶಕ್ತಿಯಿಂದ ಹೊರಟಿತು. ಅದರ ಹಿಂದಿದ್ದವರು ಹೈಮನ್ ರಿಕೋವರ್ ಎಂಬ ಹಠಮಾರಿ ಅಧಿಕಾರಿ. ರಿಯಾಕ್ಟರ್ ಎಂದರೆ ಏನೋ ಮಾಯೆ ಎಂದುಕೊಂಡಿದ್ದ ಹುಡುಗನಿಗೆ ಸಾಹೇಬರು ಬಿಡಿಸಿ ಹೇಳಿದರು: ಶಕ್ತಿನಗರದ ಸ್ಥಾವರದಲ್ಲಿ ಕಲ್ಲಿದ್ದಲು ಸುಟ್ಟು ನೀರನ್ನು ಹಬೆ ಮಾಡಿ ಟರ್ಬೈನ್ ತಿರುಗಿಸುತ್ತಾರೆ, ನಾಟಿಲಸ್‌ನಲ್ಲಿ ಯುರೇನಿಯಂ ಕಾವಿನಿಂದ ಹಬೆ ಮಾಡಿ ಟರ್ಬೈನ್ ತಿರುಗಿಸಿದರು. "ಅದೂ ಬಾಯ್ಲರೇ ಮಗನೇ. ಗಾಳಿ ಬೇಡದ ಒಲೆ, ಅಷ್ಟೇ. ಹೊಗೆ ಇಲ್ಲ, ಬೂದಿ ಬಳಿಯುವುದಿಲ್ಲ." ಗಿರಣಿಯಲ್ಲಿ ಉಮಿ ಸುಟ್ಟು ಹಬೆ ಮಾಡಿದ ಮೂವತ್ತು ವರ್ಷಗಳ ಅನುಭವ ಆ ಎರಡು ಮಾತಿನಲ್ಲಿತ್ತು.

ಮೊದಲ ಸಲ ತುಂಬಿದ ಇಂಧನದಲ್ಲೇ ನಾಟಿಲಸ್ 62,000 ಮೈಲಿಗೂ ಹೆಚ್ಚು ಓಡಿತು. 1958ರ ಆಗಸ್ಟ್ 3ರಂದು ಮಂಜುಗಡ್ಡೆಯ ಕೆಳಗೆ ಉತ್ತರ ಧ್ರುವ ದಾಟಿತು. ನನ್ನ ಮೊದಲ ಅಳತೆಯಲ್ಲಿ, ಎಷ್ಟು ಹೊತ್ತು ಮೇಲೆ ಬಾರದೆ ಇರಬಲ್ಲದು ಎಂಬುದರಲ್ಲಿ, ಅಲ್ಲಿಗೆ ಲೆಕ್ಕವೇ ಬದಲಾಯಿತು. ಮಿತಿ ಬಿದ್ದದ್ದು ನಾವಿಕರ ಊಟದ ದಾಸ್ತಾನಿನ ಮೇಲೆ.

ಎರಡನೇ ಅಳತೆಯಲ್ಲಿ ನಾಟಿಲಸ್ ಸೋಲುತ್ತದೆ. ಅದು ಗದ್ದಲದ ದೋಣಿ. ವೇಗ ಹೆಚ್ಚಿಸಿದರೆ ನಡುಗಿ, ನೀರೊಳಗೆ ಸದ್ದು ಆಲಿಸಿ ಹಡಗುಗಳನ್ನು ಪತ್ತೆಹಚ್ಚುವ ತನ್ನ ಸೋನಾರ್ ತನಗೇ ಕೇಳದಂತಾಗುತ್ತಿತ್ತು. ಆಕಾರವೂ ಹಳೆಯ ಜರ್ಮನ್ ದೋಣಿಯ ಜಾಡಿನದೇ. ಅದೇ ಹೊತ್ತಿಗೆ ಅಮೆರಿಕದವರು ಆಲ್ಬಕೋರ್ ಎಂಬ ಪ್ರಯೋಗದ ದೋಣಿಯನ್ನು ಕಣ್ಣೀರ ಹನಿಯ ಆಕಾರದಲ್ಲಿ ಮಾಡಿದ್ದರು, ಡೀಸೆಲ್ ಮತ್ತು ಬ್ಯಾಟರಿಯದು. ನಾಟಿಲಸ್‌ನ ಒಲೆ, ಆಲ್ಬಕೋರ್‌ನ ಮೈ ಎರಡನ್ನೂ ಕೂಡಿಸಿದ್ದು 1959ರ ಸ್ಕಿಪ್‌ಜ್ಯಾಕ್. ಆ ಮಾದರಿಯಲ್ಲಿ ಕಟ್ಟುತ್ತಿದ್ದ ಒಂದು ಒಡಲನ್ನೇ ನಡುವೆ ಕೊಯ್ದು, 16 ಪೊಲಾರಿಸ್ ಕ್ಷಿಪಣಿಗಳ ತುಂಡೊಂದನ್ನು ಸೇರಿಸಿ ಜಾರ್ಜ್ ವಾಷಿಂಗ್ಟನ್ ಮಾಡಿದರು. 1960ರ ಜುಲೈ 20ರಂದು ಅದು ನೀರೊಳಗಿನಿಂದಲೇ ಕ್ಷಿಪಣಿ ಹಾರಿಸಿತು.

ದೊಡ್ಡದು, ವೇಗದ್ದು

ಹುಡುಗನ ಟೈಫೂನ್ ಬೆರಗು ಹುಟ್ಟಿಸುವುದು ದಿಟ. 175 ಮೀಟರ್ ಉದ್ದ, ಮುಳುಗಿದಾಗ 48,000 ಟನ್, ಒಂದೇ ಹೊದಿಕೆಯೊಳಗೆ ಅಕ್ಕಪಕ್ಕ ಎರಡು ಒಡಲು, ಒಳಗೆ ಪುಟ್ಟ ಈಜುಕೊಳ ಬೇರೆ. ಆರು ಕಟ್ಟಿದರು. ಆದರೆ ಅಷ್ಟು ದೊಡ್ಡದಾದದ್ದು ಏಕೆ? ಅದರ ಕ್ಷಿಪಣಿ ಒಂದೊಂದೂ 80 ಟನ್ನಿಗೂ ಮೀರಿ ತೂಗುತ್ತಿತ್ತು. ಅಂಥ 20 ಹೊರಲು ಅಷ್ಟು ದೊಡ್ಡ ಒಡಲು ಬೇಕಾಯಿತು. ಅಮೆರಿಕದ ಒಹಾಯೊ 24 ಕ್ಷಿಪಣಿಗಳನ್ನು 18,750 ಟನ್ನಿನಲ್ಲಿ ಹೊತ್ತಿತು. ಅರ್ಧಕ್ಕಿಂತ ಕಡಿಮೆ ಮೈ, ಹೆಚ್ಚು ಹೊರೆ. ಸಣ್ಣ ಪಂಪು ಅದೇ ನೀರನ್ನು ಎತ್ತಿದರೆ ದೊಡ್ಡ ಪಂಪನ್ನು ಯಾರು ಕೊಳ್ಳುತ್ತಾರೆ?

ಒಹಾಯೊದಲ್ಲಿ ಪಂಪಿನವರು ಮೆಚ್ಚಬೇಕಾದ ಇನ್ನೊಂದು ಸಂಗತಿ ಇದೆ. ರಿಯಾಕ್ಟರನ್ನು ತಣ್ಣಗಿಡುವ ಪಂಪುಗಳು ನಿಲ್ಲುವಂತಿಲ್ಲ, ಆ ಪಂಪುಗಳೇ ಅಣು ಜಲಾಂತರ್ಗಾಮಿಯ ದೊಡ್ಡ ಸದ್ದು. ಒಹಾಯೊದ ರಿಯಾಕ್ಟರಿನಲ್ಲಿ ಕಡಿಮೆ ಶಕ್ತಿಯಲ್ಲಿ ಹೋಗುವಾಗ ಬಿಸಿ ನೀರು ಮೇಲೇರಿ ತಣ್ಣೀರು ಕೆಳಗಿಳಿಯುವ ಸಹಜ ಸುತ್ತಾಟವೇ ಸಾಕಾಗುತ್ತದೆ. ಪಂಪು ಬೇಡ, ಸದ್ದೂ ಇಲ್ಲ. ಒಳ್ಳೆಯ ಪಂಪು ಮಾಡುವುದಕ್ಕಿಂತ ಪಂಪೇ ಬೇಡದಂತೆ ಮಾಡುವುದು ದೊಡ್ಡ ಬುದ್ಧಿವಂತಿಕೆ. ಯಾರ ಕಣ್ಣಿಗೂ ಬೀಳದೆ ತಿಂಗಳುಗಟ್ಟಲೆ ಕಾಯುವ ಕೆಲಸಕ್ಕೆ ಒಂದನ್ನು ಆರಿಸಬೇಕೆಂದರೆ ಒಹಾಯೊ. ನಮ್ಮ ಅರಿಹಂತ್ ಮಾಡುವ ಕೆಲಸವೂ ಇದೇ ಜಾತಿಯದು, ಗಾತ್ರ ಮಾತ್ರ ಸುಮಾರು 6,000 ಟನ್. 2024ರ ಆಗಸ್ಟ್ 29ರಂದು ಅದರ ತಮ್ಮ ಅರಿಘಾತ್ ವಿಶಾಖಪಟ್ಟಣದಲ್ಲಿ ನೌಕಾಪಡೆ ಸೇರಿತು.

ವೇಗದ್ದೆಂದರೆ ಸೋವಿಯತ್ ಒಕ್ಕೂಟದ ಆಲ್ಫಾ. ಟೈಟೇನಿಯಂ ಒಡಲು, ಗಂಟೆಗೆ 75 ಕಿಲೋಮೀಟರಿಗೂ ಹೆಚ್ಚು ವೇಗ, ಮೂವತ್ತರ ಆಸುಪಾಸು ಸಿಬ್ಬಂದಿ. ರಿಯಾಕ್ಟರನ್ನು ತಣ್ಣಗಿಡಲು ನೀರಿನ ಬದಲು ಸೀಸ ಮತ್ತು ಬಿಸ್ಮತ್ ಕರಗಿಸಿದ ದ್ರವ. ಅದು ಸುಮಾರು 125 ಡಿಗ್ರಿಗೆ ಹೆಪ್ಪುಗಟ್ಟುತ್ತದೆ, ಹಾಗಾಗಿ ಬಂದರಿನಲ್ಲಿ ನಿಂತಾಗಲೂ ಬಿಸಿ ಆರುವಂತಿಲ್ಲ. ಮೊದಲ ಆಲ್ಫಾದಲ್ಲಿ 1972ರಲ್ಲಿ ಆ ಲೋಹ ಗಟ್ಟಿಯಾಗಿ ದೋಣಿ ಕೆಲಸಕ್ಕೆ ಬಾರದಂತಾಯಿತು. "ಆರಿದರೆ ಸತ್ತುಹೋಗುವ ಬಾಯ್ಲರನ್ನು ನಾನು ಮುಟ್ಟುವುದಿಲ್ಲ," ಎಂದರು ಸಾಹೇಬರು. ಓಡುವಾಗ ಅದು ಮಾಡುತ್ತಿದ್ದ ಸದ್ದೂ ದೂರದೂರಕ್ಕೆ ಕೇಳುತ್ತಿತ್ತು.

ಸದ್ದಿಲ್ಲದ ಚಿಕ್ಕವು

ಎಡದಂಡೆ ಕಾಲುವೆಯಿಂದ ನೀರೆತ್ತುವ ಪಂಪಿನೊಳಗೆ ತಿರುಗುವ ಇಂಪೆಲ್ಲರ್ ಚಕ್ರವೊಂದನ್ನು ಅಂಗಡಿಯ ಗೂಡಿನಲ್ಲಿ ಇಟ್ಟುಕೊಂಡಿದ್ದೇನೆ. ಹುಳು ತಿಂದ ಬದನೆ ಎಲೆಯಂತೆ ಅದರ ಅಲಗುಗಳ ಮೇಲೆಲ್ಲ ಸಣ್ಣ ಸಣ್ಣ ಗುಳಿ. ಪಂಪು ಕಾಲುವೆಗಿಂತ ತುಂಬ ಮೇಲಿದ್ದು ನೀರು ಸಾಲದೆ ಬಂದಾಗ ಅಲಗಿನ ಹಿಂದೆ ಗುಳ್ಳೆಗಳೆದ್ದು ಒಡೆಯುತ್ತವೆ, ಪಂಪಿನೊಳಗೆ ಗರಸು ಹಾಕಿದಂತೆ ಸದ್ದು. ಪ್ರೊಪೆಲ್ಲರಿನ ಹಿಂದೆ ಏಳುವ ಗುಳ್ಳೆಯೂ ಅದೇ. ಶತ್ರುವಿನ ಸೋನಾರಿಗೆ ಜಲಾಂತರ್ಗಾಮಿಯನ್ನು ಹಿಡಿದುಕೊಡುವುದು ಬಹಳ ಸಲ ಆ ಗುಳ್ಳೆಯೇ. ಆಳಕ್ಕೆ ಇಳಿದಷ್ಟೂ, ನಿಧಾನವಾದಷ್ಟೂ ಗುಳ್ಳೆ ಕಡಿಮೆ.

ಬ್ಯಾಟರಿಯಲ್ಲಿ ನಿಧಾನ ಹೋಗುವ ಡೀಸೆಲ್ ದೋಣಿಗೆ ಗುಳ್ಳೆಯೂ ಇಲ್ಲ, ರಿಯಾಕ್ಟರ್ ಪಂಪೂ ಇಲ್ಲ. ನಮ್ಮಲ್ಲಿ ಸಿಂಧುಘೋಷ್ ಎನಿಸಿಕೊಂಡ ರಷ್ಯಾದ ಕಿಲೋ, ಶಿಶುಮಾರ್ ಎನಿಸಿಕೊಂಡ ಜರ್ಮನಿಯ 209, ಇವಕ್ಕೆಲ್ಲ ಇದೇ ಬಲ. ಕಿಲೋ ಮೈಗೆ ಸದ್ದು ನುಂಗುವ ರಬ್ಬರಿನ ಹೆಂಚು ಹೊದಿಸಿದೆ. ಹತ್ತು ಕೊಂಡೆವು, ಅವುಗಳಲ್ಲಿ ಸಿಂಧುರಕ್ಷಕ್ 2013ರ ಆಗಸ್ಟ್ 14ರಂದು ಮುಂಬಯಿಯಲ್ಲಿ ಸ್ಫೋಟಗೊಂಡು 18 ಮಂದಿಯೊಂದಿಗೆ ಮುಳುಗಿತು. ಶಿಶುಮಾರ್ ಮಾದರಿಯಲ್ಲಿ ನನಗೆ ತುಂಬ ಇಷ್ಟವಾದದ್ದು ಅದರೊಳಗಿರುವ ಗುಂಡನೆಯ ಪಾರಾಗುವ ಕೋಣೆ. ದೋಣಿ ಕೆಳಗೇ ಉಳಿದರೂ ಸಿಬ್ಬಂದಿ ಅದರೊಳಗೆ ಸೇರಿ ಮೇಲೆ ತೇಲಿ ಬರಬಹುದು. ಕಟ್ಟುವಾಗಲೇ ಕೆಟ್ಟ ದಿನವನ್ನು ನೆನೆದು ಕಟ್ಟಿದ್ದಾರೆ.

ಇವೆಲ್ಲವುಗಳಲ್ಲಿ ನನ್ನ ಮೆಚ್ಚುಗೆ ಸ್ವೀಡನ್ನಿನ ಗಾಟ್‌ಲ್ಯಾಂಡ್‌ಗೆ. 60 ಮೀಟರ್ ಉದ್ದ, ಮೂವತ್ತು ಚಿಲ್ಲರೆ ಸಿಬ್ಬಂದಿ. ರಾಬರ್ಟ್ ಸ್ಟರ್ಲಿಂಗ್ ಎಂಬ ಪಾದ್ರಿ 1816ರಲ್ಲಿ ಹಕ್ಕುಪತ್ರ ಪಡೆದ ಎಂಜಿನ್ನನ್ನು, ದ್ರವರೂಪದ ಆಮ್ಲಜನಕ ಕೊಟ್ಟು, ನೀರೊಳಗೇ ಓಡಿಸುತ್ತಾರೆ. ಅದರೊಳಗೆ ಸ್ಫೋಟವಿಲ್ಲ, ಹೊರಗಿನ ಕಾವಿನಿಂದ ಓಡುವುದರಿಂದ ಮೆಲ್ಲಗೆ ತಿರುಗುತ್ತದೆ. ಮೇಲೆ ಬಾರದೆ ವಾರಗಟ್ಟಲೆ ಇರಬಲ್ಲದು. 2005ರಲ್ಲಿ ಅಮೆರಿಕದವರು ಅದನ್ನು ಸಿಬ್ಬಂದಿಯ ಸಮೇತ ಬಾಡಿಗೆಗೆ ಕರೆಸಿಕೊಂಡರು. ಅಭ್ಯಾಸದಲ್ಲಿ ಅದು ರೊನಾಲ್ಡ್ ರೇಗನ್ ಎಂಬ ವಿಮಾನವಾಹಕ ನೌಕೆಯ ಕಾವಲು ದಾಟಿ ಗುರಿಯಿಡುವಷ್ಟು ಹತ್ತಿರ ಹೋಯಿತು. ಚಿಕ್ಕ ಸಮುದ್ರ, ಚಿಕ್ಕ ಹಣದ ಚೀಲ ಇರುವ ದೇಶ ಯಾವುದನ್ನು ಆರಿಸಬೇಕು ಎಂದರೆ ಗಾಟ್‌ಲ್ಯಾಂಡ್ ಜಾತಿಯದನ್ನೇ. ಆದರೆ ದೂರದ ಸಾಗರಕ್ಕೆ ಬೇಗ ಹೋಗಿ ಬೇಗ ಬರುವ ಕೆಲಸಕ್ಕೆ ಅದು ಸಲ್ಲದು. ಅಲ್ಲಿ ಅಣುಶಕ್ತಿಯೇ ಬೇಕು. ಫಾಕ್ಲೆಂಡ್ ದ್ವೀಪಗಳ ಯುದ್ಧದಲ್ಲಿ, 1982ರ ಮೇ 2ರಂದು, ಬ್ರಿಟನ್ನಿನ ಅಣು ಜಲಾಂತರ್ಗಾಮಿ ಕಾಂಕರರ್ ಅರ್ಜೆಂಟೀನಾದ ಯುದ್ಧನೌಕೆ ಜನರಲ್ ಬೆಲ್ಗ್ರಾನೊವನ್ನು ಮುಳುಗಿಸಿದಾಗ 323 ಮಂದಿ ಸತ್ತರು, ಅರ್ಜೆಂಟೀನಾದ ದೊಡ್ಡ ಹಡಗುಗಳು ಆ ಯುದ್ಧ ಮುಗಿಯುವವರೆಗೆ ಬಂದರು ಬಿಡಲಿಲ್ಲ.

ನಾನು ಆರಿಸಿದ್ದು

ಒಂದೇ ಒಂದು ಹೆಸರು ಹೇಳು ಎಂದರೆ ನನ್ನದು ಅಮೆರಿಕದ ಥ್ರೆಷರ್.

ಮೊದಲ ಸಲ ಹೇಳಿದಾಗ ಹುಡುಗ ಎದ್ದು ನಿಂತ. "ಮಾಮಾ, ಅದು ಮುಳುಗಿದ ದೋಣಿ!"

ಹೌದು. 1961ರ ಆಗಸ್ಟಿನಲ್ಲಿ ನೌಕಾಪಡೆ ಸೇರಿದ ಅದು 1963ರ ಏಪ್ರಿಲ್ 10ರಂದು ಆಳಕ್ಕಿಳಿಯುವ ಪರೀಕ್ಷೆಯಲ್ಲಿ 129 ಮಂದಿಯೊಂದಿಗೆ ಹೋಯಿತು. ಅವರಲ್ಲಿ 17 ಮಂದಿ ನಾಗರಿಕರು, ದೋಣಿಯನ್ನು ಪರೀಕ್ಷಿಸಲು ಬಂದಿದ್ದವರು.

ಆದರೂ ವಿನ್ಯಾಸ ನೋಡಿ. ಮೂತಿಯಲ್ಲಿ ಟಾರ್ಪಿಡೊ ಕೊಳವೆಗಳಿದ್ದ ಜಾಗವನ್ನು ಪೂರ್ತಿ ಖಾಲಿ ಮಾಡಿ ದೊಡ್ಡ ಗೋಲಾಕಾರದ ಸೋನಾರ್ ಕೂರಿಸಿದರು. ಬಾಯಿಯಿದ್ದ ಕಡೆ ಕಿವಿ ಬಂತು. ಟಾರ್ಪಿಡೊ ಕೊಳವೆಗಳನ್ನು ನಡುಮೈಗೆ ತಂದು ಓರೆಯಾಗಿ ಹೊರಕ್ಕೆ ತಿರುಗಿಸಿದರು. ಟರ್ಬೈನ್, ಗೇರುಗಳನ್ನು ಒಡಲಿಗೆ ನೇರವಾಗಿ ಬಿಗಿಯದೆ, ನಡುಕ ನುಂಗುವ ತೆಪ್ಪವೊಂದರ ಮೇಲೆ ಕೂರಿಸಿದರು. ಗಿರಣಿಯಲ್ಲಿ ಮೋಟಾರಿನ ಕೆಳಗೆ ರಬ್ಬರ್ ಪ್ಯಾಡ್ ಇಟ್ಟರೆ ಗೋಡೆ ನಡುಗುವುದು ನಿಲ್ಲುತ್ತದಲ್ಲ, ಅದೇ ತತ್ವ. ಇಳಿಯುವ ಆಳ ಸುಮಾರು 400 ಮೀಟರಿಗೆ ಹೋಯಿತು. ಅಷ್ಟು ಆಳದಲ್ಲಿ ಹೆಬ್ಬೆರಳ ಉಗುರಿನಷ್ಟು ಜಾಗದ ಮೇಲೆ 40 ಕಿಲೋ ಭಾರ. ಕೇಳುವುದಕ್ಕೆ ಮೊದಲ ಸ್ಥಾನ, ಸದ್ದಿಗೆ ತಡೆ, ಆಮೇಲೆ ಆಯುಧ: ಈ ಕ್ರಮವನ್ನೇ ಅಮೆರಿಕದ ನಂತರದ ದಾಳಿ ಜಲಾಂತರ್ಗಾಮಿಗಳು, 62 ಕಟ್ಟಿದ ಲಾಸ್ ಏಂಜಲಿಸ್ ಮಾದರಿಯೂ ಸೇರಿ, ಹಿಡಿದು ನಡೆದವು.

ಅದು ಮುಳುಗಿದ್ದು ಹೇಗೆ? ವಿಚಾರಣೆ ಕಂಡುಕೊಂಡ ಹೆಚ್ಚು ಸಂಭವದ ಕಾರಣ, ಎಂಜಿನ್ ಕೋಣೆಯಲ್ಲಿ ಸಮುದ್ರದ ನೀರು ಹರಿಯುವ ಕೊಳವೆಯ ಒಂದು ಜಾಯಿಂಟು. ಬೆಳ್ಳಿಯ ಬೆಸುಗೆ ಹಾಕಿದ ಜಾಯಿಂಟು. ಅದು ಬಿಟ್ಟು ನೀರು ಚಿಮ್ಮಿ ವಿದ್ಯುತ್ ಪ್ಯಾನೆಲ್ಲಿಗೆ ಬಡಿಯಿತು, ರಿಯಾಕ್ಟರ್ ನಿಂತಿತು. ಮೇಲೇಳಲು ಒತ್ತಿದ ಗಾಳಿಯನ್ನು ಟ್ಯಾಂಕುಗಳಿಗೆ ಬಿಟ್ಟಾಗ, ಗಾಳಿಯಲ್ಲಿದ್ದ ತೇವ ಜರಡಿಗಳಲ್ಲಿ ಮಂಜುಗಟ್ಟಿ ದಾರಿ ಮುಚ್ಚಿತು. ಕೊನೆಯ ಸಲ ದಕ್ಕೆಯಲ್ಲಿದ್ದಾಗ ಶಬ್ದತರಂಗದಿಂದ ಪರೀಕ್ಷಿಸಿದ 145 ಜಾಯಿಂಟುಗಳಲ್ಲಿ ಶೇಕಡಾ 14ರಷ್ಟು ಮಟ್ಟಕ್ಕೆ ತಕ್ಕಂತಿರಲಿಲ್ಲ. ಪರೀಕ್ಷಿಸದೆ ಬಿಟ್ಟವು ಇನ್ನೂ ಸಾವಿರಾರಿದ್ದವು.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನಕ್ಷೆಯಲ್ಲಿ ತಪ್ಪಿರಲಿಲ್ಲ, ಜಾಯಿಂಟಿನಲ್ಲಿ ತಪ್ಪಿತ್ತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋದಾಗ ಈ ಸೀಮೆಯವರೆಲ್ಲ ಉಸಿರು ಬಿಗಿಹಿಡಿದಿದ್ದು ನೆನಪಿದೆ. ಅಷ್ಟು ದೊಡ್ಡ ಅಣೆಕಟ್ಟು, ಒಂದು ಸರಪಳಿ.

ಥ್ರೆಷರ್ ಹೋದ ಮೇಲೆ ಅಮೆರಿಕದ ನೌಕಾಪಡೆ ಸಬ್‌ಸೇಫ್ ಎಂಬ ಕಟ್ಟುಪಾಡು ತಂದಿತು. ಸಮುದ್ರದ ನೀರನ್ನು ತಡೆಯುವ ಪ್ರತಿಯೊಂದು ಜಾಯಿಂಟಿಗೂ, ವಾಲ್ವಿಗೂ, ಬೆಸುಗೆಗೂ ದಾಖಲೆ: ಯಾವ ಲೋಹ, ಯಾರು ಬೆಸೆದರು, ಯಾರು ಪರೀಕ್ಷಿಸಿದರು. 1968ರಲ್ಲಿ 99 ಮಂದಿಯೊಂದಿಗೆ ಹೋದ ಸ್ಕಾರ್ಪಿಯನ್‌ಗೆ ಆ ಪ್ರಮಾಣಪತ್ರ ಸಿಕ್ಕಿರಲಿಲ್ಲ. ಪ್ರಮಾಣಪತ್ರ ಪಡೆದ ಒಂದು ದೋಣಿಯೂ ಇದುವರೆಗೆ ಮುಳುಗಿಲ್ಲ. ಥ್ರೆಷರ್ ಮಾದರಿಯ ಉಳಿದ 13 ದೋಣಿಗಳು ದುಡಿದು, ವಯಸ್ಸಾಗಿ, ಸೇವೆ ಮುಗಿಸಿದವು.

ಸಾಹೇಬರು ನಾಟಿಲಸ್ ಬಿಟ್ಟುಕೊಟ್ಟಿಲ್ಲ. "ಒಲೆ ಹಚ್ಚಿದವನೇ ದೊಡ್ಡವನು," ಎನ್ನುತ್ತಾರೆ, ಆ ಮಾತಿಗೂ ತೂಕವಿದೆ. ಹುಡುಗ ಟೈಫೂನ್ ಬಿಟ್ಟು ಒಹಾಯೊಗೆ ಬಂದಿದ್ದಾನೆ.

ಕಣ್ಣಾರೆ ನೋಡಬೇಕೆಂದರೆ

ನಾಟಿಲಸ್ ಅಮೆರಿಕದ ಗ್ರಾಟನ್‌ನಲ್ಲಿದೆ, ಏಳನೇ ಮಾದರಿಯ ಯು-995 ಜರ್ಮನಿಯ ಲಾಬೊದಲ್ಲಿ, ಇಪ್ಪತ್ತೊಂದನೆಯ ಮಾದರಿಯದೊಂದು ಬ್ರೆಮರ್‌ಹಾವನ್‌ನಲ್ಲಿ. ನಮಗೆ ಅಷ್ಟು ದೂರ ಬೇಡ. ಕೊಪ್ಪಳದಲ್ಲೋ ಬಳ್ಳಾರಿಯಲ್ಲೋ ಅಮರಾವತಿ ಎಕ್ಸ್‌ಪ್ರೆಸ್ ಹತ್ತಿದರೆ ವಿಶಾಖಪಟ್ಟಣ. ಅಲ್ಲಿನ ರಾಮಕೃಷ್ಣ ಬೀಚಿನ ಮರಳ ಮೇಲೆ ಕುರ್ಸುರಾ ನಿಂತಿದೆ: 91 ಮೀಟರಿನ ಫಾಕ್ಸ್‌ಟ್ರಾಟ್, 1969ರಿಂದ 2001ರವರೆಗೆ ನೌಕಾಪಡೆಯಲ್ಲಿ ದುಡಿದದ್ದು, 2002ರಿಂದ ವಸ್ತುಸಂಗ್ರಹಾಲಯ. ಒಳಗೆ ವಿವರಿಸುವವರು ನಿವೃತ್ತ ನಾವಿಕರು.

ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗಲು ಇರುವುದು ದುಂಡನೆಯ ಬಾಗಿಲು. ಮೊದಲು ಒಂದು ಕಾಲು ಹಾಕಬೇಕು, ತಲೆ ಬಗ್ಗಿಸಬೇಕು, ಆಮೇಲೆ ಮೈ. ಟಾರ್ಪಿಡೊಗಳ ಪಕ್ಕದಲ್ಲೇ ಮಲಗುವ ಹಲಗೆಗಳು. ಎಲ್ಲರೂ ಪೆರಿಸ್ಕೋಪ್ ನೋಡಲು ಮುಂದೆ ಹೋದಾಗ ನಾನು ಹಿಂದೆ ಉಳಿದು ಗೋಡೆಗೆ ಹಬ್ಬಿದ ಕೊಳವೆಗಳನ್ನು ನೋಡಿದೆ. ಒಂದು ಫ್ಲ್ಯಾಂಜಿನ ಸುತ್ತ ಬೆರಳಾಡಿಸಿದೆ. ಬೋಲ್ಟುಗಳೆಲ್ಲ ಒಂದೇ ಮಟ್ಟಕ್ಕೆ ಬಿಗಿದಿದ್ದವು, ಎರಡು ಮುಖಗಳ ನಡುವೆ ಉಗುರು ಕೂಡ ಹೋಗುತ್ತಿರಲಿಲ್ಲ. ಅಳಿಯನನ್ನು ಕರೆದು ಅವನ ಬೆರಳನ್ನೂ ಅಲ್ಲಿಡಿಸಿದೆ.